ತಲಿ ಕೆಡಿಸ್ಕೋಬ್ಯಾಡ ಅಂದರೆ ಸಾಲದು

ಮಾರ್ಚ್ ಕೊನೆಯ ವಾರ ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಿನ ತೋಟಗಳಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಗಡಿಬಿಡಿ. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ತೆಗೆದು, ಶೆಡ್ಡಿನೊಳಗೆ ಹಂತ ಹಂತವಾಗಿ ಬಿಗಿದ ಬಲೆಗಳ ಮೇಲೆ ಹರವುತ್ತಾರೆ. ಒಣಗಲು 15 ದಿನವಾದರೂ ಬೇಕು. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಮಣೂಕ. ಇನ್ನೇನು ಮೂರು ದಿನಕ್ಕೆ ಇಳಿಸಬೇಕು ಎನ್ನುವಾಗ ಸಂಜೆ ಗಾಳಿ ಎದ್ದು ಅಡ್ಡಮಳೆ ಹೊಡೆಯಿತು ಎಂದುಕೊಳ್ಳಿ. ಎರಚಲು ಬಡಿದ ಬದಿಯ ಮಾಲು ತೊಯ್ದು, ಹಸಿರು ಬಣ್ಣ ಹೋಗಿ ಕಂದಾಗುತ್ತದೆ. ಬಣ್ಣ ಹೋಯಿತೆಂದರೆ ದರವೂ ಹೋಯಿತು.

ಆ ರಾತ್ರಿ ಮಂದಿ ಬರುತ್ತಾರೆ. "ತಲಿ ಕೆಡಿಸ್ಕೋಬ್ಯಾಡೋ ತಮ್ಮಾ, ಎಲ್ಲಾ ಚೊಲೋ ಆಗ್ತೈತಿ" ಎನ್ನುತ್ತಾರೆ. ಮರುದಿನ ಬೆಳಗ್ಗೆ ಫೋನಿಗೆ ಸೂರ್ಯೋದಯದ ಚಿತ್ರವೊಂದು ಬರುತ್ತದೆ: ಸಕಾರಾತ್ಮಕವಾಗಿ ಯೋಚಿಸಿ, ಬದುಕು ಬದಲಾಗುತ್ತದೆ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಶೆಡ್ಡಿನ ಯಜಮಾನನ ತಲೆಯಲ್ಲಿ ಓಡುತ್ತಿರುವುದು ಲೆಕ್ಕ. ಎಷ್ಟು ಬಲೆ ತೊಯ್ದಿವೆ, ಯಾವುದಕ್ಕೆ ಬೂಷ್ಟು ಹಿಡಿಯಬಹುದು, ಸೊಸೈಟಿ ಸಾಲದ ಕಂತು ಯಾವತ್ತು. ಆ ಲೆಕ್ಕವನ್ನು ಯಾರೂ ಕೇಳಲಿಲ್ಲ. ಹೀಗಾಗಿ ಸಮಾಧಾನದ ಮಾತು ಅವನಿಗೆ ಇನ್ನೊಂದು ಕೊರತೆಯಾಗಿ ಕೇಳುತ್ತದೆ: ಮಾಲೂ ಹೋಯಿತು, ಧೈರ್ಯವಾಗಿರುವುದಕ್ಕೂ ನನಗೆ ಬರಲಿಲ್ಲ.

ಸಕಾರಾತ್ಮಕ ಮನೋಭಾವದ ಉಪದೇಶ ಇವತ್ತು ಬೇಡವೆಂದರೂ ಸಿಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಣ್ಣ ಊರುಗಳಲ್ಲೂ ಅದರ ತರಬೇತಿ ಶಿಬಿರಗಳಿವೆ, ಶಾಲೆಯ ಗೋಡೆಯ ಮೇಲೆ ಅದರ ಬರಹವಿದೆ. ಅಂಥ ಮನೋಭಾವವನ್ನು ತಂದುಕೊಳ್ಳುವುದು ಹೇಗೆ ಎನ್ನುವುದು ಮಾತ್ರ ಕಡಿಮೆ ಸಿಗುತ್ತದೆ. ಮನಶ್ಶಾಸ್ತ್ರದ ಕಳೆದ ಐವತ್ತು ಅರವತ್ತು ವರ್ಷಗಳ ಕೆಲಸವನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಆದದ್ದನ್ನು ಇದ್ದಷ್ಟೇ ಅಳತೆಯಲ್ಲಿ ಕಂಡು, ಕೈಗೆ ಸಿಗುವ ಒಂದು ತುದಿಯನ್ನು ಹಿಡಿಯುವವರಿಗೆ ಮನೋಭಾವ ತಾನಾಗಿ ಬರುತ್ತದೆ. ಎಲ್ಲ ಚೆನ್ನಾಗಿದೆ ಎಂದು ಮನಸ್ಸಿಗೆ ಹೇಳಿಕೊಂಡವರಿಗೆ ಅದು ಬರುವುದು ಕಡಿಮೆ.

ಹರಿದದ್ದು ಯಾವ ಎಳೆ

1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗದ ವರದಿ ಪ್ರಕಟಿಸಿದರು. ಏನು ಮಾಡಿದರೂ ತಪ್ಪದ ವಿದ್ಯುತ್ ಹೊಡೆತ ತಿಂದ ನಾಯಿಗಳನ್ನು ಮುಂದೆ ಇನ್ನೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ತಗ್ಗು ಅಡ್ಡಗೋಡೆ ಜಿಗಿದರೆ ಸಾಕು, ಹೊಡೆತದಿಂದ ಪಾರು. ಆದರೂ ಅವುಗಳಲ್ಲಿ ಬಹಳಷ್ಟು ಜಿಗಿಯಲೇ ಇಲ್ಲ, ಮಲಗಿಬಿಟ್ಟವು. ಇದನ್ನು 'ಕಲಿತ ಅಸಹಾಯಕತೆ' ಎಂದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಮೆದುಳಿನ ಮೇಲಿನ ಹೊಸ ಅಧ್ಯಯನಗಳ ಪ್ರಕಾರ ದೀರ್ಘ ಸಂಕಟ ಬಂದಾಗ ಕೈಚೆಲ್ಲಿ ಕೂರುವುದು ಮೆದುಳಿನ ಸಹಜ ಮೊದಲ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು 'ನನ್ನ ಕೈಯಲ್ಲೂ ಏನೋ ಐತಿ' ಎನ್ನುವುದನ್ನು.

ಈ ತಿದ್ದುಪಡಿ ದೊಡ್ಡದು. ಬೆಳೆ ಹೋದ ಮೇಲೆ ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತವನು ದುರ್ಬಲ ಮನಸ್ಸಿನವನಲ್ಲ, ಅವನ ಮೆದುಳು ಎಲ್ಲರ ಮೆದುಳು ಮಾಡುವುದನ್ನೇ ಮಾಡುತ್ತಿದೆ. ಅಲ್ಲಿಂದ ಏಳುವ ದಾರಿಯೂ ಇದರಲ್ಲೇ ಇದೆ. ಕೈಯಲ್ಲಿ ಏನೋ ಇದೆ ಎಂಬ ಅರಿವು ಮಾತು ಕೇಳಿ ಬರುವಂಥದ್ದಲ್ಲ, ಏನಾದರೊಂದು ಮಾಡಿ ಅದು ಫಲ ಕೊಟ್ಟದ್ದನ್ನು ಕಂಡಾಗ ಬರುತ್ತದೆ.

ಆದರೆ ಮಾಡಬೇಕಾದದ್ದು ಕಣ್ಣಿಗೆ ಬೀಳಬೇಕಲ್ಲ. ಅದನ್ನು ಮುಚ್ಚುವುದು ನಾವು ಕಷ್ಟವನ್ನು ವಿವರಿಸಿಕೊಳ್ಳುವ ರೀತಿ. ಸೆಲಿಗ್ಮನ್ ಮುಂದೆ ಮನುಷ್ಯರ ಮೇಲೆ ಮಾಡಿದ ಕೆಲಸದಲ್ಲಿ ಮೂರು ಅಳತೆಗಳನ್ನು ಗುರುತಿಸಿದರು: ಇದು ಎಷ್ಟು ಕಾಲ ಇರುತ್ತದೆ, ಬದುಕಿನ ಎಷ್ಟು ಭಾಗಕ್ಕೆ ತಾಗುತ್ತದೆ, ಇದಕ್ಕೆ ಯಾರು ಕಾರಣ. ನಮ್ಮ ಕಡೆಯ ಮಾತಿನಲ್ಲಿ ಈ ಮೂರೂ ತಪ್ಪು ಅಳತೆಗೆ ತಯಾರಾದ ನುಡಿಗಳಿವೆ. "ನನಗ ಯಾವಾಗ್ಲೂ ಹಿಂಗ." "ಎಲ್ಲಾ ಹೋತು." "ನನ್ನ ಹಣೇಬಾರನ ಇಷ್ಟ." ಬಾಯಿಗೆ ಬಂದು ಆಡುವ ಮಾತುಗಳೇ. ದಿನಾ ಆಡಿದರೆ ಮನಸ್ಸು ಅವನ್ನು ಅಳತೆಗೋಲಾಗಿ ಹಿಡಿಯುತ್ತದೆ.

ಜಮಖಂಡಿಯ ಒಬ್ಬ ಹುಡುಗಿ ದ್ವಿತೀಯ ಪಿಯುಸಿ ಗಣಿತದಲ್ಲಿ ನಪಾಸಾದಳು ಎಂದಿಟ್ಟುಕೊಳ್ಳಿ. "ಗಣಿತ ನನಗ ಯಾವತ್ತೂ ಬರೂದಿಲ್ಲ, ಓದೂದ ನನ್ನ ಕಡಿಂದ ಆಗೂದಿಲ್ಲ, ದಡ್ಡಿ ನಾ" ಎನ್ನುತ್ತಾಳೆ. ಒಂದು ಹಾಳೆ ಕೊಟ್ಟು ಮೂರು ಪ್ರಶ್ನೆ ಕೇಳಿ. ಯಾವತ್ತೂ ಅಂದರೆ? ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 61 ಬಂದಿತ್ತು, ಅದನ್ನು ಬರೆಯಲಿ. ಓದುವುದೇ ಆಗುವುದಿಲ್ಲ ಅಂದರೆ? ಉಳಿದ ಐದು ವಿಷಯ ಪಾಸಾಗಿವೆ, ಅದನ್ನೂ ಬರೆಯಲಿ. ಕೊನೆಗೆ, ಈ ಗಣಿತ ಹೋಗಿದ್ದಕ್ಕೆ ರೂಪಾಯಿಗೆ ಹದಿನಾರಾಣೆ ಹಂಚಿದರೆ ಯಾರ ಪಾಲು ಎಷ್ಟು? ಸಮಾಕಲನದ (ಇಂಟಿಗ್ರೇಷನ್) ಪಾಠಗಳನ್ನು ಮುಟ್ಟದೆ ಬಿಟ್ಟದ್ದು 6 ಆಣೆ, ಕಾಲೇಜಿನಲ್ಲಿ ಮೂರು ತಿಂಗಳು ಉಪನ್ಯಾಸಕರಿಲ್ಲದ್ದು 5 ಆಣೆ, ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಅಜ್ಜಿ ಆಸ್ಪತ್ರೆಯಲ್ಲಿದ್ದದ್ದು 3 ಆಣೆ, ಪ್ರಶ್ನೆಪತ್ರಿಕೆ ಕಠಿಣವಿದ್ದದ್ದು 2 ಆಣೆ. ಹಣೇಬಾರಕ್ಕೆ ಉಳಿದದ್ದು ಏನೂ ಇಲ್ಲ. ಹುಡುಗಿಯ ಪಾಲಿನ 6 ಆಣೆಯೇ ಅವಳು ಹಿಡಿಯಬಹುದಾದ ತುದಿ. ಕರ್ನಾಟಕದಲ್ಲಿ 2024ರಿಂದ ವಾರ್ಷಿಕ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶವಿದೆ. ಪರೀಕ್ಷೆ-2ರ ದಿನಾಂಕ ನೋಡಿ, ಸಮಾಕಲನ ಇವತ್ತಿನಿಂದ ಶುರು.

ಆಣೆ ಹಂಚುವಾಗ ಎರಡು ತಪ್ಪು ನಡೆಯುತ್ತವೆ. ಕೆಲವರು ಹದಿನಾರಾಣೆಯೂ ತಮ್ಮ ತಲೆಗೇ ಕಟ್ಟಿಕೊಂಡು ಕುಗ್ಗುತ್ತಾರೆ. ಕೆಲವರು ಹದಿನಾರಾಣೆಯೂ ಬೇರೆಯವರಿಗೆ ಕೊಟ್ಟು ಹಗುರಾಗುತ್ತಾರೆ, ಆದರೆ ಅವರ ಕೈಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಹಾಳೆಯ ಮೇಲೆ ಬೇರೆಯವರ ಪಾಲು ಮೊದಲು, ನಿಮ್ಮದು ಕೊನೆಗೆ ಬರೆಯಿರಿ. ನೊಂದ ಹೊತ್ತಿನಲ್ಲಿ ತಮ್ಮದನ್ನು ಮೊದಲು ಬರೆದವರು ಅಲ್ಲೇ ಹನ್ನೆರಡು ಆಣೆ ಮುಗಿಸಿಬಿಡುತ್ತಾರೆ.

ಇಳಕಲ್ಲಿನ ಕುಣಿಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ನೂಲಿನ, ಒಂದು ಎಳೆ ಹರಿದರೆ ನೇಕಾರ ಲಾಳಿ ನಿಲ್ಲಿಸುತ್ತಾನೆ. ಬಾಗಿ ಹಣಿಗೆಯ ಹತ್ತಿರ ಕಣ್ಣು ತಂದು, ಒತ್ತಾಗಿ ನಿಂತ ಎಳೆಗಳ ನಡುವೆ ಹರಿದದ್ದು ಯಾವುದೆಂದು ಬೆರಳ ತುದಿಯಿಂದ ಬಿಡಿಸಿ ಹುಡುಕುತ್ತಾನೆ. ತುಂಡು ದಾರ ಸೇರಿಸಿ, ಸಣ್ಣ ಗಂಟು ಹಾಕಿ, ಹಣಿಗೆಯ ಅದೇ ಸಂದಿಯಿಂದ ಎಳೆದು, ಬಿಗಿ ನೋಡಿ, ಮತ್ತೆ ಲಾಳಿ ಬಿಡುತ್ತಾನೆ. ನೋಡಿಯೂ ನೋಡದ ಹಾಗೆ ನೇಯ್ದುಕೊಂಡು ಹೋದರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ಒಂದು ಎಳೆ ಹೋಯಿತೆಂದು ಇಡೀ ಹಾಸನ್ನು ಕತ್ತರಿಸಿ ಎಸೆಯುವವರನ್ನಂತೂ ಇಳಕಲ್ಲಿನಲ್ಲಿ ಯಾರೂ ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ನಾನು ದಡ್ಡಿ' ಎಂಬುದನ್ನು ಅಳಿಸಿ ಅದರ ಜಾಗದಲ್ಲಿ 'ನಾನು ಜಾಣೆ, ನಾನು ಗೆಲ್ಲುತ್ತೇನೆ' ಎಂದು ದಿನಾ ನೂರು ಸಲ ಹೇಳಿಕೊಳ್ಳಲು ಹಲವು ಶಿಬಿರಗಳಲ್ಲಿ ಕಲಿಸುತ್ತಾರೆ. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಇಂಥ ಮಾತಿನಿಂದ ಸ್ವಲ್ಪ ಲಾಭವಾಯಿತು. ಕೀಳರಿಮೆ ಇದ್ದವರು, ಅಂದರೆ ಯಾರಿಗೆ ಅದು ನಿಜವಾಗಿ ಬೇಕಾಗಿತ್ತೋ ಅವರು, ಮೊದಲಿಗಿಂತ ಕುಗ್ಗಿದರು. ಕಾರಣ ಸರಳ. ನಂಬಲಾಗದ ಮಾತನ್ನು ಹೇಳಿಕೊಂಡ ಕೂಡಲೇ ಮನಸ್ಸು ಅದರ ವಿರುದ್ಧದ ಸಾಕ್ಷಿಗಳನ್ನು ಸಾಲಾಗಿ ತಂದು ನಿಲ್ಲಿಸುತ್ತದೆ. ಆದ್ದರಿಂದ ಹೊಸ ವಾಕ್ಯ ಸಾಕ್ಷಿಯ ಮುಂದೆ ಸಹಿ ಹಾಕುವಂತಿರಬೇಕು. 'ಸಮಾಕಲನದ ಎರಡು ಪಾಠ ಬಿಟ್ಟಿದ್ದೆ, ಉಳಿದದ್ದರಲ್ಲಿ 24 ಅಂಕ ತೆಗೆದಿದ್ದೇನೆ' ಎಂಬುದು ಚಂದದ ಮಾತಲ್ಲ, ಆದರೆ ಅದನ್ನು ಮನಸ್ಸು ತಳ್ಳಿಹಾಕಲಾರದು.

ಕನಸು ಮತ್ತು ಚಪ್ಪಲಿ

ಜರ್ಮನಿಯ ಗೇಬ್ರಿಯೆಲ್ ಊಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ 1991ರಲ್ಲಿ ಥಾಮಸ್ ವಾಡನ್ ಜೊತೆಗೂಡಿ ತೂಕ ಇಳಿಸಿಕೊಳ್ಳುವ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರನ್ನು ಗಮನಿಸಿದರು. ತೆಳ್ಳಗಾದ ಮೇಲೆ ಎಲ್ಲರೂ ಹೇಗೆ ನೋಡುತ್ತಾರೆ ಎಂದು ರಮ್ಯವಾಗಿ ಕಲ್ಪಿಸಿಕೊಂಡವರು, ಕಷ್ಟವನ್ನೂ ಊಹಿಸಿಕೊಂಡವರಿಗಿಂತ ವರ್ಷದ ಕೊನೆಗೆ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಹಿಂದಿನ ಅನುಭವದ ಆಧಾರದ ಮೇಲೆ 'ನನ್ನಿಂದ ಆದೀತು' ಎಂದು ಎಣಿಸಿದವರಿಗೆ ಮಾತ್ರ ಲಾಭವಾಗಿತ್ತು. ಕನಸಿನಲ್ಲೇ ಗುರಿ ಮುಟ್ಟಿದ ಸುಖ ಸಿಕ್ಕಾಗ ದೇಹದ ಹುರುಪು ಇಳಿಯುತ್ತದೆ ಎಂಬುದು ಅವರ ಮುಂದಿನ ಅಧ್ಯಯನಗಳಲ್ಲೂ ಕಂಡಿತು.

ಅದರಿಂದ ಹುಟ್ಟಿದ ನಾಲ್ಕು ಹೆಜ್ಜೆಯ ಕ್ರಮ ದಿನದ ಬದುಕಿಗೆ ಬಹಳ ಉಪಯೋಗಿ. ವಿಜಯಪುರದ ಒಬ್ಬ ಗೃಹಿಣಿಗೆ ಸಕ್ಕರೆ ಕಾಯಿಲೆ. ಡಾಕ್ಟರು ವಾರದಲ್ಲಿ 5 ದಿನ, ದಿನಕ್ಕೆ 30 ನಿಮಿಷ ನಡೆಯಿರಿ ಎಂದಿದ್ದಾರೆ. ಮೊದಲ ಹೆಜ್ಜೆ, ಒಂದೇ ಇಚ್ಛೆ, ಒಂದು ತಿಂಗಳಿಗೆ ಹಿಡಿಯುವಷ್ಟು: ವಾರಕ್ಕೆ 5 ದಿನ ನಡಿಗೆ. ಎರಡನೆಯದು, ಅದು ಕೈಗೂಡಿದರೆ ಆಗುವ ಅತ್ಯಂತ ಒಳ್ಳೆಯದನ್ನು ಎರಡು ನಿಮಿಷ ಕಣ್ಣಮುಂದೆ ತಂದುಕೊಳ್ಳುವುದು: ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ. ಮೂರನೆಯದು ಅಡ್ಡಿ. ಎಲ್ಲರೂ ಜಾರುವುದು ಇಲ್ಲಿ. ಕೇಳಿದರೆ "ಬಿಸಲ ನೋಡ್ರಿ" ಎನ್ನುತ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದು ಸುಳ್ಳಲ್ಲ. ಆದರೆ ಸಂಜೆ ಆರೂವರೆಗೆ ಸುಡುವ ಬಿಸಿಲಿಲ್ಲ, ಆಗಲೂ ನಡೆಯುವುದಿಲ್ಲ. ಒಳಗಿನ ಅಡ್ಡಿ ಬೇರೆ: ಚಹಾ ಕುಡಿದು ಟಿವಿ ಮುಂದೆ ಕೂತರೆ ಏಳಲು ಮನಸ್ಸಾಗುವುದಿಲ್ಲ, ಮತ್ತು ಒಬ್ಬಳೇ ಓಡಾಡಿದರೆ ಓಣಿಯವರು ಏನಂದಾರು ಎಂಬ ಸಂಕೋಚ. ಈ ಎರಡನ್ನು ಹೆಸರಿಟ್ಟು ಬರೆಯುವ ತನಕ ನಾಲ್ಕನೆಯ ಹೆಜ್ಜೆಗೆ ಹೋಗಬಾರದು. ನಾಲ್ಕನೆಯದು 'ಹಿಂಗಾದರ ಹಿಂಗ' ಎಂಬ ಯೋಜನೆ: ಚಹಾದ ಕಪ್ಪು ತೊಳೆಯಲು ಇಟ್ಟ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ, ಕೂರುವುದಿಲ್ಲ. ಯಾರಾದರೂ ಕೇಳಿದರೆ "ಡಾಕ್ಟರ್ ಹೇಳ್ಯಾರ್ರೀ, ನೀವೂ ಬರ್ರಿ" ಎನ್ನುತ್ತೇನೆ. ಇಂಥ ಯೋಜನೆಯ ಬಲವನ್ನು ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ನಿರ್ಧಾರ ಮೊದಲೇ ಆಗಿರುತ್ತದೆ, ಆ ಗಳಿಗೆಯಲ್ಲಿ ಮನಸ್ಸಿನ ಜೊತೆ ವಾದ ಉಳಿಯುವುದಿಲ್ಲ.

'21 ದಿನದಲ್ಲಿ ಅಭ್ಯಾಸ' ಎನ್ನುವ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಅಭ್ಯಾಸವೊಂದು ಮೈಗೂಡಲು ಸರಾಸರಿ 66 ದಿನ ಬೇಕಾಯಿತು, ಮಂದಿಯಿಂದ ಮಂದಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ. ಇಪ್ಪತ್ತೆರಡನೇ ದಿನ ಇನ್ನೂ ಕಷ್ಟವಾಗುತ್ತಿದೆ ಎಂದು ತಮ್ಮನ್ನು ಬೈದುಕೊಂಡು ಬಿಟ್ಟವರು ಎಷ್ಟು ಜನರೋ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಜಾತ್ರೆ, ಮದುವೆ, ನೆಂಟರ ಮನೆ ಇದ್ದೇ ಇರುತ್ತವೆ.

ಮನಸ್ಸು ತೀರಾ ಕುಗ್ಗಿದಾಗ ಇಷ್ಟೂ ಆಗುವುದಿಲ್ಲ. ಆಗ "ಮನಸ್ಸಾದ್ರ ಮಾಡ್ತೀನಿ" ಎಂಬ ಕ್ರಮವನ್ನೇ ತಿರುಗಿಸಬೇಕು. ಮಾಡಿದ ಮೇಲೆ ಮನಸ್ಸು ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ ಬೆಳೆದುಬಂದ ವಿಧಾನ ಇದು. ರಾತ್ರಿ ಚೀಟಿಯಲ್ಲಿ ನಾಳೆಯ ಎರಡೇ ಕೆಲಸ ಬರೆಯಿರಿ: ಒಂದು ಮಾಡಲೇಬೇಕಾದದ್ದು, ಒಂದು ಮೊದಲು ಖುಷಿ ಕೊಡುತ್ತಿದ್ದದ್ದು. ಒಂದೊಂದೂ 10ರಿಂದ 15 ನಿಮಿಷದಲ್ಲಿ ಮುಗಿಯಬೇಕು. ದನದ ಮೈ ತೊಳೆಯುವುದು, ಅಕ್ಕನಿಗೆ ಫೋನು, ಭಜನೆಗೆ ಹೋಗಿ ಹಿಂದೆ ಕೂತು ಬರುವುದು. ಮಾಡುವ ಮೊದಲು ಎಷ್ಟು ಹಿತವಾದೀತು ಎಂದು 10ಕ್ಕೆ ಅಂಕ ಕೊಡಿ, ಮಾಡಿದ ಮೇಲೆ ಮತ್ತೆ ಕೊಡಿ. ಕುಗ್ಗಿದ ಮನಸ್ಸು ಮೊದಲಿನ ಅಂಕವನ್ನು ಸಾಮಾನ್ಯವಾಗಿ ಕಡಿಮೆ ಕೊಡುತ್ತದೆ. 2 ಎಂದುಕೊಂಡದ್ದು 5 ಆದದ್ದನ್ನು ನಾಲ್ಕು ದಿನ ಕಂಡರೆ ಮನಸ್ಸಿನ ಭವಿಷ್ಯವಾಣಿಯನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. ಕೆಡುವುದು ಯಾವಾಗ ಅಂದರೆ, ಎರಡರ ಜಾಗದಲ್ಲಿ ಎಂಟು ಕೆಲಸ ಬರೆದಾಗ.

ಕಾಯುವವರ ಪಾಡು

ನಷ್ಟ ಆಗಿಹೋದರೆ ಮನಸ್ಸು ಹೇಗೋ ಹೊಂದಿಕೊಳ್ಳುತ್ತದೆ. ಆಗುವುದೋ ಇಲ್ಲವೋ ತಿಳಿಯದೆ ವರ್ಷಗಟ್ಟಲೆ ಕಾಯುವುದು ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಮುಳುಗಡೆ ಊರುಗಳ ಮಂದಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ರಾಜ್ಯ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ಹದಿನೈದು ವರ್ಷ ಹೊಸ ಬೋರ್ ಹೊಡೆಸಬೇಕೋ ಬೇಡವೋ, ಮನೆಗೆ ಗಿಲಾವು ಮಾಡಿಸಬೇಕೋ ಬೇಡವೋ, ಮಗನ ಮದುವೆಗೆ ಇದೇ ಮನೆ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆಗಳ ಜೊತೆ ಮಲಗಿ ಎದ್ದವರಿದ್ದಾರೆ. ಅವರಿಗೆ 'ಚಿಂತೆ ಬಿಡಿ' ಎನ್ನುವುದು ಅನ್ಯಾಯ. ಚಿಂತೆ ನಿಜವಾದದ್ದು. ಅದಕ್ಕೆ ದಿನದಲ್ಲಿ ಒಂದು ಜಾಗ ಕೊಟ್ಟರೆ ಉಳಿದ ಹೊತ್ತನ್ನು ಉಳಿಸಿಕೊಳ್ಳಬಹುದು.

ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ 'ಚಿಂತೆಯ ಹೊತ್ತು' ಎಂಬ ಕ್ರಮ ಇದಕ್ಕೆ ಒಗ್ಗುತ್ತದೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಸಂಜೆ ಐದೂವರೆ, ಹೊರಗಿನ ಕಟ್ಟೆ ಎಂದಿಟ್ಟುಕೊಳ್ಳಿ. ಹಾಸಿಗೆಯ ಮೇಲೆ ಬೇಡವೇ ಬೇಡ, ರಾತ್ರಿ ಎಂಟರ ನಂತರವೂ ಬೇಡ. ಹಗಲಿನಲ್ಲಿ ಚಿಂತೆ ಬಂದಾಗ ಕಿಸೆಯ ಚೀಟಿಯಲ್ಲಿ ಒಂದೇ ಶಬ್ದ ಗುರುತು ಹಾಕಿ, 'ಪರಿಹಾರ', 'ಫೀ', 'ಅಪ್ಪನ ಕಣ್ಣು', ಮತ್ತೆ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಐದೂವರೆಗೆ ಚೀಟಿ ತೆಗೆದು ಎರಡು ಪಾಲು ಮಾಡಿ. ಈ ವಾರ ನಾನು ಏನಾದರೂ ಮಾಡಬಹುದಾದದ್ದು ಒಂದು ಕಡೆ: ಉತಾರದಲ್ಲಿ (ಪಹಣಿಯಲ್ಲಿ) ಹೆಸರು ತಪ್ಪಿದ್ದರೆ ಸರಿಪಡಿಸಲು ಅರ್ಜಿ, ವಂಶಾವಳಿ ಮಾಡಿಸುವುದು. ಅದರ ಮುಂದೆ ವಾರ ಬರೆಯಿರಿ, 'ಗುರುವಾರ, ನಾಡಕಚೇರಿ'. ನನ್ನ ಕೈಯಲ್ಲಿಲ್ಲದ್ದು ಇನ್ನೊಂದು ಕಡೆ: ಅಧಿಸೂಚನೆ ಯಾವಾಗ, ನ್ಯಾಯಾಲಯ ಏನನ್ನುತ್ತದೆ. ಅದನ್ನು ಓದಿ, ಮನಸಾರೆ ಚಿಂತಿಸಿ, ಹೊತ್ತು ಮುಗಿದಾಗ ಎದ್ದು ಬಿಡಿ. ಮೊದಲ ವಾರ ಇದು ಕೆಲಸ ಮಾಡಿದಂತೆ ಅನ್ನಿಸುವುದಿಲ್ಲ, ಚಿಂತೆ ಹೊತ್ತಲ್ಲದ ಹೊತ್ತಿಗೆ ಬರುತ್ತಲೇ ಇರುತ್ತದೆ. ಎರಡು ಮೂರು ವಾರ ಬಿಡದೆ ಮಾಡಿದರೆ 'ಐದೂವರೆಗೆ' ಎಂದ ಮಾತನ್ನು ಮನಸ್ಸು ಕೇಳಲು ಶುರು ಮಾಡುತ್ತದೆ. ಬರೆಯದೆ ಬರಿ ತಲೆಯಲ್ಲೇ ಮಾಡಿದರೆ ಸುತ್ತಿದಲ್ಲೇ ಸುತ್ತುತ್ತದೆ.

ಸಿಟ್ಟು ಕೆಟ್ಟದ್ದಲ್ಲ

ಸಕಾರಾತ್ಮಕ ಮನೋಭಾವದ ಹೆಸರಿನಲ್ಲಿ ಬಾಯಿ ಮುಚ್ಚಿಸುವುದೂ ನಡೆಯುತ್ತದೆ. ಇದನ್ನು ಖಡಕ್ಕಾಗಿ ಹೇಳಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಹೋರಾಟ ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು, ಕೊನೆಗೆ ಸರ್ಕಾರ 3,300 ರೂಪಾಯಿಯ ತೀರ್ಮಾನಕ್ಕೆ ಬಂತು. ಆ ಸಿಟ್ಟನ್ನು 'ನೆಗೆಟಿವ್' ಎಂದು ಕರೆಯುವುದಾದರೆ ಶಬ್ದಕ್ಕೇ ಅರ್ಥವಿಲ್ಲ. ಅಳತೆ ಸರಿಯಾಗಿತ್ತು, ತುದಿ ಹಿಡಿದಿದ್ದರು, ನಾಲ್ಕು ಮಂದಿ ಕೂಡಿದ್ದರು. ಹಾಗೆಯೇ, ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಾಕಿಗಾಗಿ ಕಾಯುವ ರೈತನಿಗೆ ಧ್ಯಾನದ ವಿಡಿಯೊಕ್ಕಿಂತ ಈ ಒಂದು ಸಾಲು ಹೆಚ್ಚು ಬಲ ಕೊಡುತ್ತದೆ.

ಸೊಸೆಗೆ "ಹೊಂದ್ಕೊಂಡ ಹೋಗವ್ವಾ" ಎನ್ನುವುದೂ ಇದೇ ಸಾಲಿಗೆ ಸೇರುತ್ತದೆ. ಹೊಡೆತ ತಿನ್ನುವವಳಿಗೆ ಮನೋಭಾವ ಬದಲಿಸಲು ಹೇಳುವುದು ಸಲಹೆಯೇ ಅಲ್ಲ, ಅವಳಿಗೆ ಬೇಕಾದದ್ದು 181 ಎಂಬ ಮಹಿಳಾ ಸಹಾಯವಾಣಿ ಸಂಖ್ಯೆ ಮತ್ತು ಜೊತೆಗೆ ನಿಲ್ಲುವ ಒಬ್ಬರು. ತೃಪ್ತಿ ದೊಡ್ಡ ಗುಣ, ಈ ನೆಲದಲ್ಲಿ ಅದಕ್ಕೆ ದೊಡ್ಡ ಉದಾಹರಣೆಗಳಿವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ಅದು ಅವರು ತಾವಾಗಿ ಆರಿಸಿಕೊಂಡ ತೃಪ್ತಿ. ಇನ್ನೊಬ್ಬರ ಮೇಲೆ ಹೇರಿದಾಗ ಅದು ತೃಪ್ತಿಯಾಗಿ ಉಳಿಯುವುದಿಲ್ಲ.

ಕೃತಜ್ಞತೆಯ ಅಭ್ಯಾಸದ ಬಗ್ಗೆ ಚಿಕ್ಕದಾಗಿ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲೋ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತು ವಾರ, ವಾರಕ್ಕೊಮ್ಮೆ, ಐದರವರೆಗೆ ಒಳ್ಳೆಯ ಸಂಗತಿಗಳನ್ನು ಬರೆದವರಿಗೆ, ಕಿರಿಕಿರಿಗಳನ್ನು ಬರೆದವರಿಗಿಂತ ಬದುಕು ಹಿತವೆನಿಸಿತು. ವಾರಕ್ಕೊಮ್ಮೆ ಸಾಕು. ದಿನಾ ಬರೆದರೆ 'ಆರೋಗ್ಯ, ಮನೆ, ಮಕ್ಕಳು' ಎಂದು ಯಾಂತ್ರಿಕವಾಗುತ್ತದೆ. ಸಣ್ಣದನ್ನು, ಹೆಸರು ಹಿಡಿದು ಬರೆಯಿರಿ: ಬುಧವಾರ ಎದುರಮನೆಯ ಕಾಕಾ ಕರೆಯದೆ ಬಂದು ಮೋಟರ್ ನೋಡಿಕೊಟ್ಟರು, ಸಂಜೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡೆವು. ಬೇರೆಯವರ ಕಷ್ಟಕ್ಕೆ ಹೋಲಿಸಿ ಸಮಾಧಾನ ಪಡುವುದು ಈ ಅಭ್ಯಾಸವಲ್ಲ.

ಶೆಡ್ಡಿನ ಯಜಮಾನನ ಮನೆಗೆ ಹೋಗುವವರು "ತಲಿ ಕೆಡಿಸ್ಕೋಬ್ಯಾಡ" ಎನ್ನುವ ಮೊದಲು "ಎಷ್ಟ ತೊಯ್ದೈತಿ?" ಎಂದು ಕೇಳಲಿ. ಉತ್ತರ ಮುಗಿಯುವ ತನಕ ನಡುವೆ ಬಾಯಿ ಹಾಕದೆ ಕೇಳಲಿ, ಐದು ನಿಮಿಷವಾದರೂ ಆಗಲಿ, ಇಪ್ಪತ್ತಾದರೂ ಆಗಲಿ. ಆಮೇಲೆ "ನಾ ಏನ್ ತರಲಿ, ತಾಡಪತ್ರಿನೋ ಆಳೋ?" ಎನ್ನಲಿ. ತೊಯ್ದದ್ದನ್ನು ಒಣ ಮಾಲಿನಿಂದ ಬೇರೆ ಮಾಡುವ ಕೆಲಸಕ್ಕೆ ಆ ರಾತ್ರಿಯೇ ನಾಲ್ಕು ಕೈ ಸೇರಿದರೆ ಉಳಿದ ಬಲೆಗಳು ಉಳಿಯುತ್ತವೆ, ಅವನಿಗೂ ಹಿಡಿಯಲು ತುದಿ ಸಿಗುತ್ತದೆ.

ಮನೋಭಾವ ಸಾಲದಾದಾಗ

ಎರಡು ವಾರ ದಾಟಿ, ದಿನದ ಬಹುಹೊತ್ತು ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಹುರುಪಿಲ್ಲದಿದ್ದರೆ, ಅದರ ಜೊತೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ ಅದು ಮನೋಭಾವದ ಮಾತಲ್ಲ, ಕಾಯಿಲೆಯಿರಬಹುದು. ನಮ್ಮ ಕಡೆ ಅದು 'ಬೇಸರ' ಎಂಬ ಹೆಸರಿನಲ್ಲಿ ಬರುವುದು ಕಡಿಮೆ. "ಎದಿ ಉರೀತೈತಿ, ಕೈಕಾಲು ಜೋಲಿ ಹೊಡೀತಾವ, ಜೀವ ಬ್ಯಾಸರಾಗೈತಿ" ಎಂದು ಮೈಯ ದೂರಾಗಿ ಬರುತ್ತದೆ. ಗುಳಿಗೆ, ಸಲಾಯಿನ್ ಎಂದು ತಿಂಗಳುಗಟ್ಟಲೆ ಅಲೆದು ಹಣ ಕಳೆದವರು ಬಹಳ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಯಲ್ಲೂ ಇಂಥದೇ ಸುಸ್ತು ಕಾಣುವುದರಿಂದ ಆ ರಕ್ತ ಪರೀಕ್ಷೆಗಳನ್ನು ಒಮ್ಮೆ ಮಾಡಿಸಬೇಕು.

"ಬದುಕೂದ ಬ್ಯಾಡ ಅನಸ್ತೈತಿ" ಎಂದು ಯಾರಾದರೂ ಅಂದರೆ, ಅಥವಾ ಅನ್ನದಿದ್ದರೂ ಅನುಮಾನ ಬಂದರೆ, ನೇರವಾಗಿ ಕೇಳಿ: "ಜೀವಾ ಕಳ್ಕೊಳ್ಳೂ ವಿಚಾರ ಬಂದೈತೇನ?" ಕೇಳುವುದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ, ಇದ್ದ ವಿಚಾರದ ಭಾರ ಕಡಿಮೆಯಾಗುತ್ತದೆ. ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಅವತ್ತೇ ಮನೆಯಿಂದ ಹೊರಗೆ, ಬೇರೆಯವರ ಕೀಲಿಯಲ್ಲಿ ಇಡಿ. ಟೆಲಿ ಮಾನಸ್ 14416 ಹಗಲು ರಾತ್ರಿ ತೆರೆದಿರುವ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಏನು ಮಾಡಬೇಕೆಂದು ತಿಳಿಯದ ಮನೆಯವರೂ ಮಾಡಬಹುದು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳು, ನಿದ್ದೆ ಯಾವತ್ತಿನಿಂದ ಕೆಟ್ಟಿತು ಎಂಬ ತಾರೀಖು, ಮತ್ತು ಜೊತೆಯಲ್ಲಿ ಮನೆಯವರೊಬ್ಬರು ಇರಲಿ. ಖಿನ್ನತೆಯ ಗುಳಿಗೆಯ ಗುಣ ಕಾಣಲು 2ರಿಂದ 4 ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರದಲ್ಲೇ ಬರಬಹುದು. ಹೀಗಾಗಿ ಹತ್ತನೇ ದಿನ "ಇದು ನಮಗ ಹಿಡಿಸೂದಿಲ್ಲ" ಎಂದು ಬಿಡುವವರು ಬಹಳ. ಗುಣವಾಯಿತೆಂದು ಎರಡನೇ ತಿಂಗಳಲ್ಲಿ ತಾವಾಗಿ ನಿಲ್ಲಿಸುವವರೂ ಇದ್ದಾರೆ, ಆಗ ಕಾಯಿಲೆ ಮರಳುವ ಸಂಭವ ಹೆಚ್ಚು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಗುಳಿಗೆ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದು ಡಾಕ್ಟರು ಹೇಳಿದ ಮೇಲೆ, ಹಂತ ಹಂತವಾಗಿ.